ಅಪ್‌ಡೇಟ್: ಹೊಳಿ ನೀರು ಹೊಕ್ಕ ಬಾವಿಗೆ ಬ್ಲೀಚಿಂಗ್ ಪೌಡರ್ ಎಷ್ಟು?

ಮುಧೋಳ ಕಡೆ ಘಟಪ್ರಭಾ ನೀರು ಹೊಕ್ಕ ಮನೆಬಾವಿಗೆ ಪುಡಿ ಎಷ್ಟು ಹಾಕಬೇಕಂತ ಕೇಳಿದ್ದೆ. ಸಾವಿರ ಲೀಟರಿಗೆ 2.5 ಗ್ರಾಂ ಅಂದಿದ್ರಿ. ಬಾವಿ ಅಡ್ಡಗಲ 3 ಮೀಟರ್, ನೀರು 4 ಮೀಟರ್: 3.14 × 3 × 3 × 4 ÷ 4, ಅಂದ್ರ ಸುಮಾರು 28 ಘನ ಮೀಟರ್, 28 ಸಾವಿರ ಲೀಟರ್, 70 ಗ್ರಾಂ ಪುಡಿ.

ಆದ್ರ ಈ ಲೆಕ್ಕ ತಿಳಿನೀರಿಗಷ್ಟ. ಪುಡಿ ಹಾಕಿ ಅರ್ಧ ತಾಸಿನ ಮ್ಯಾಲೆ ನೀರಿಗೆ ಕ್ಲೋರಿನ್ ಪರೀಕ್ಷೆ ಹನಿ (ಕ್ಲೋರಿನ್ ಉಳಿದಿದ್ರ ನೀರು ಹಳದಿ ಆಗ್ತದ) ಹಾಕಿದ್ರ ಹಳದಿ ಬಣ್ಣದ ಸುಳಿವೇ ಇಲ್ಲ. ರಾಡಿ ಕ್ಲೋರಿನ್ನೆಲ್ಲಾ ನುಂಗಿತ್ತು. ಮೋಟರ್ ಹಚ್ಚಿ ರಾಡಿನೀರು ಹೊರಹಾಕಿ, ಹೊಸ ನೀರು ತಿಳಿಯಾದ ಮ್ಯಾಲೆ ಮತ್ತ ಹಾಕಿದಾಗ ತಾಸಿನ ನಂತರ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ನಿಂತಿತು. ಅಷ್ಟು ನಿಲ್ಲೋತನಕ ಕುಡಿಯಾಕ ಬ್ಯಾಡ.

ಪುಡಿ ನೇರ ಸುರೀಬ್ಯಾಡ್ರಿ. ಪ್ಲಾಸ್ಟಿಕ್ ಬಕೆಟ್‌ನ್ಯಾಗ ಮೊದಲು ಪೇಸ್ಟ್ ಮಾಡಿ, ಮುಕ್ಕಾಲು ನೀರು ತುಂಬಿ ಕಲಸಿ, ಹತ್ತು ನಿಮಿಷ ಬಿಡ್ರಿ. ಮ್ಯಾಲಿನ ತಿಳಿ ಇನ್ನೊಂದು ಬಕೆಟ್‌ಗೆ ಬಸೀರಿ. ತಳದ ಸುಣ್ಣ ಬಾವಿಗೆ ಬಿದ್ರ ನೀರು ಗಡಸಾಗ್ತದ. ತಿಳಿ ಬಕೆಟ್ ಹಗ್ಗ ಕಟ್ಟಿ ನೀರಿನೊಳಗ ಮುಳುಗಿಸಿ ಮ್ಯಾಲೆ-ಕೆಳಗ ಜಗ್ಗಾಡ್ರಿ.

ಬಾಯಿ ತೆರೆದಿಟ್ಟ ಹಳೆ ಚೀಲದ ಪುಡಿ ತರಬ್ಯಾಡ್ರಿ, ಕಸುವು ಹೋಗಿರ್ತದ. ಅದೇ ಬಕೆಟ್‌ಗೆ ಆ್ಯಸಿಡ್ ತಾಗಿದ್ರ ವಿಷಗಾಳಿ ಏಳ್ತದ.