ನಿಧಾನಕ್ಕೆ ಹೊಡೆದರೆ ಚೆಂಡು ವಾಲುತ್ತದೆ, ಕ್ಯೂ ‘ಟಿಕ್’ ಅನ್ನುತ್ತದೆ: ತಪ್ಪು ಟೇಬಲ್ಲಿನದೋ ಕೋಲಿನದೋ?

ಹೊಸಚಾಕ್:

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಹಳೆಯ 8 ಅಡಿ ಪೂಲ್ ಟೇಬಲ್ ಒಂದನ್ನು ಮನೆಗೆ ತಂದೆ. ಬಟ್ಟೆಯ ಕೆಳಗೆ ಮೂರು ತುಂಡಿನ ಸ್ಲೇಟ್, ಅಂದರೆ ಕಲ್ಲಿನ ಹಲಗೆ. ಜೋಡಿಸಲು ಬಂದವರು ರಸಮಟ್ಟ ಇಟ್ಟು ನೋಡಿ, ಗುಳ್ಳೆ ನಡುವೆ ನಿಂತಿದೆ ಎಂದು ತೋರಿಸಿಯೇ ಹೋದರು. ಜೋರಾಗಿ ಹೊಡೆದರೆ ಏನೂ ಗೊತ್ತಾಗುವುದಿಲ್ಲ. ಪಾಕೆಟ್ ಅಂಚಿಗೆ ನಿಲ್ಲಲಿ ಅಂತ ಮೆಲ್ಲಗೆ ಹೊಡೆದರೆ ಮಾತ್ರ ಕೊನೆಯ ಒಂದು ಅಡಿಯಲ್ಲಿ ಚೆಂಡು ಎಡಕ್ಕೆ, ಕಿಟಕಿ ಕಡೆಗೆ ಹೊರಳುತ್ತದೆ.

ಇದರ ಜೊತೆಗೆ ಕ್ಯೂ, ಅಂದರೆ ಹೊಡೆಯುವ ಕೋಲಿನ ಕಾಟ ಬೇರೆ. ಎರಡು ತುಂಡಿನದು. ಪ್ರತಿ ಏಟಿಗೂ ಕೈಯೊಳಗೆ ‘ಟಿಕ್’ ಅಂತ ಸಣ್ಣ ಸದ್ದು. ಟೇಬಲ್ ಮೇಲೆ ಉರುಳಿಸಿ ನೋಡಿದೆ, ತುದಿ ಕುಣಿಯುತ್ತದೆ. ಹತ್ತು ಏಟಿಗೆ ಒಂದಾದರೂ ಜಾರಿ ಮಿಸ್‌ಕ್ಯೂ ಆಗುತ್ತದೆ. ಹೊಸ ಕ್ಯೂ ತರಲಾ? ಟೇಬಲ್ ಕಾಲಿನ ಬೋಲ್ಟ್ ನಾನೇ ತಿರುಗಿಸಬಹುದಾ?

ಮೂಲೆಪಾಕೆಟ್:

ಇದರಲ್ಲೇನಿದೆ? ಕಿಟಕಿ ಕಡೆಯ ಎರಡು ಕಾಲು ಸ್ವಲ್ಪ ಎತ್ತಿ ಬಿಡಿ. ಅರ್ಧ ಗಂಟೆಯ ಕೆಲಸ.

ಸ್ಲೇಟ್‌ಮೇಷ್ಟ್ರು:

ದಯವಿಟ್ಟು ಈಗಲೇ ಸ್ಪ್ಯಾನರ್ ಹಿಡಿಯಬೇಡಿ. ಹೀಗೆ ಅಂದಾಜಿನ ಮೇಲೆ ಕಾಲು ಎತ್ತಿ, ಆಮೇಲೆ ಸ್ಲೇಟ್ ಕೂಡಿದ ಜಾಗವೇ ಬಿಟ್ಟುಕೊಂಡು, ಬಟ್ಟೆ ಕಿತ್ತು ಮೊದಲಿನಿಂದ ಮಾಡಬೇಕಾಗಿ ಬಂದದ್ದನ್ನು ನಾನು ನೋಡಿದ್ದೇನೆ. ಮಾಡಿದವನು ನಾನೇ, ಅದಕ್ಕೇ ಹೇಳುತ್ತಿದ್ದೇನೆ.

ಚೆಂಡು ವಾಲಲು ಕಾರಣ ಟೇಬಲ್ ಇರಬಹುದು, ಚೆಂಡೇ ಇರಬಹುದು, ಹೊಡೆಯುವ ಕೈಯೂ ಇರಬಹುದು. ಮೊದಲು ಕೈಯನ್ನು ಲೆಕ್ಕದಿಂದ ತೆಗೆಯಿರಿ. ಗಟ್ಟಿ ಹಾಳೆ ಒಂದನ್ನು ಉದ್ದಕ್ಕೆ ಮಡಚಿ ತೋಡಿನ ಹಾಗೆ ಮಾಡಿ. ಅದರ ಒಂದು ತುದಿಯ ಕೆಳಗೆ ಚಾಕ್ (ಕ್ಯೂ ತುದಿ ಜಾರದಿರಲಿ ಅಂತ ಸವರುವುದು) ಡಬ್ಬಿ ಇಟ್ಟರೆ ಪುಟ್ಟ ಜಾರುಬಂಡೆ ಸಿದ್ಧ. ಚೆಂಡನ್ನು ಅದರ ಮೇಲಿಂದ ಸುಮ್ನೆ ಬಿಡಿ, ತಳ್ಳಬೇಡಿ. ಎದುರು ಕುಶನ್, ಅಂದರೆ ಅಂಚಿನ ರಬ್ಬರ್ ಪಟ್ಟಿ ಮುಟ್ಟುವ ಹೊತ್ತಿಗೆ ನಿಲ್ಲುವಷ್ಟು ವೇಗ ಸಾಕು.

ಈಗ ಅದೇ ಗೆರೆಯಲ್ಲಿ ಆ ಕಡೆಯಿಂದ ಈ ಕಡೆಗೂ ಬಿಡಿ. ಎರಡು ಸಲವೂ ಕಿಟಕಿ ಕಡೆಗೇ ಹೋದರೆ ಇಳಿಜಾರು ಇದೆ ಎಂದರ್ಥ. ಆದರೆ ಹೋಗುವಾಗ ಕಿಟಕಿ ಕಡೆ, ಬರುವಾಗ ಬಾಗಿಲ ಕಡೆ ಹೋದರೆ, ಅಂದರೆ ಎರಡು ಸಲವೂ ಚೆಂಡಿನ ಎಡಕ್ಕೇ ಹೋದರೆ, ಟೇಬಲ್ ಮೇಲೆ ತಪ್ಪು ಹೊರಿಸಬೇಡಿ. ಆಗ ಚೆಂಡನ್ನೇ ಅನುಮಾನಿಸಬೇಕು. ಬಿಳಿ ಚೆಂಡಿನಿಂದ ಈ ಪರೀಕ್ಷೆ ಮಾಡಲೇಬೇಡಿ. ಎಲ್ಲಕ್ಕಿಂತ ಜಾಸ್ತಿ ಏಟು ತಿಂದು ಸವೆದಿರುವುದು ಅದೇ. ನಂಬರಿನ ಚೆಂಡು ತೆಗೆದುಕೊಂಡು ಒಮ್ಮೆ ನಂಬರ್ ಎಡಗಡೆ ಇಟ್ಟು ಬಿಡಿ, ಇನ್ನೊಮ್ಮೆ ಬಲಗಡೆ ಇಟ್ಟು ಬಿಡಿ. ತೂಕ ಒಂದೇ ಕಡೆ ಕೂತಿದ್ದರೆ ವಾಲುವ ದಿಕ್ಕೂ ಬದಲಾಗುತ್ತದೆ.

ಬಟ್ಟೆ ಯಾವುದು ಅಂತಲೂ ಹೇಳಿ. ಕೈಯಾಡಿಸಿದರೆ ಒಂದು ಕಡೆ ನುಣುಪು, ಇನ್ನೊಂದು ಕಡೆ ಒರಟು ಅನಿಸುತ್ತಾ? ಸ್ನೂಕರ್ ಬಟ್ಟೆಯಲ್ಲಿ ಆ ರೋಮ ಇರುತ್ತದೆ, ಅದಕ್ಕೆ ನ್ಯಾಪ್ ಅನ್ನುತ್ತಾರೆ. ನಿಧಾನದ ಚೆಂಡನ್ನು ಅದೂ ಎಳೆಯುತ್ತದೆ.

ಹೊಸಚಾಕ್:

ಮೇಷ್ಟ್ರೇ, ನಿನ್ನೆ ರಾತ್ರಿ ಹನ್ನೊಂದರವರೆಗೆ ಇದೇ ಆಟ. ಬಟ್ಟೆ ಎರಡೂ ಕಡೆ ನುಣುಪು, ರೋಮ ಇಲ್ಲ.

ಬಿಳಿ ಚೆಂಡು ಹುಚ್ಚುಚ್ಚಾಗಿ ಹೋಯಿತು. ಒಮ್ಮೆ ಒಂದು ಗೇಣು ಕಿಟಕಿಗೆ, ಇನ್ನೊಮ್ಮೆ ನೇರ. 3ನೇ ನಂಬರಿನ ಚೆಂಡು ಮಾತ್ರ ಒಂದೇ ಮಾತು ಹೇಳಿತು. ಎರಡೂ ದಿಕ್ಕಿನಿಂದ ಕಿಟಕಿ ಕಡೆಗೇ, ಒಂದು ಚೆಂಡಿನ ಅಗಲದಷ್ಟು. ಅದೂ ಟೇಬಲ್ಲಿನ ಆಚೆ ಅರ್ಧದಲ್ಲಿ ಮಾತ್ರ. ಈಚೆ ಅರ್ಧ ನೂಲು ಹಿಡಿದ ಹಾಗೆ ನೇರ.

ಸ್ಲೇಟ್‌ಮೇಷ್ಟ್ರು:

ಹಾಗಾದರೆ ತಪ್ಪು ಎರಡು. ಬಿಳಿ ಚೆಂಡು ಬದಲಿಸಿ. ಪೂಲ್ ಚೆಂಡು 57.15 ಮಿಮೀ ಇರಬೇಕು, ತೂಕ 156ರಿಂದ 170 ಗ್ರಾಂ. ಕ್ಯಾಲಿಪರ್ ಇದ್ದರೆ ನಾಲ್ಕು ಕಡೆ ಅಳೆದು ನೋಡಿ.

ಇನ್ನೊಂದು ತಪ್ಪು ಕಿಟಕಿ ಕಡೆಯ ಆಚೆ ಮೂಲೆಯಲ್ಲಿದೆ. ಎರಡು ಕಾಲು ಎತ್ತಿದ್ದರೆ ಸರಿಯಿದ್ದ ಅರ್ಧವೂ ಕೆಡುತ್ತಿತ್ತು, ಅಲ್ವಾ? ಬ್ಯಾಟರಿ ಹಿಡಿದು ಆ ಒಂದು ಕಾಲಿನ ಬುಡ ನೋಡಿ ಬನ್ನಿ. ಅಲ್ಲಿ ಏನು ಕಂಡರೂ ಫೋಟೋ ಹಾಕಿ.

ಗಾರೆ ಕೆಲಸದ ರಸಮಟ್ಟದ ಬಗ್ಗೆ ಒಂದು ಮಾತು. ಅದು ಗೋಡೆ, ಬಾಗಿಲಿಗೆ ಸಾಕು. ಪಂದ್ಯದ ಟೇಬಲ್ಲಿಗೆ ಉದ್ದದಲ್ಲಿ ಅರ್ಧ ಮಿಲಿಮೀಟರ್, ಅಗಲದಲ್ಲಿ ಕಾಲು ಮಿಲಿಮೀಟರ್ ವ್ಯತ್ಯಾಸ ಅಷ್ಟೇ ಒಪ್ಪಿಗೆ. ಅಷ್ಟು ಸೂಕ್ಷ್ಮ ಹಿಡಿಯಲು ಲೇತ್ ಕೆಲಸದವರು ಬಳಸುವ ಮಟ್ಟ ಬೇಕು. ಮಟ್ಟ ಯಾವುದೇ ಆಗಲಿ, ಒಮ್ಮೆ ಇಟ್ಟು ನೋಡಿದ ಮೇಲೆ ಅದೇ ಜಾಗದಲ್ಲಿ ತಲೆಕೆಳಗು ಮಾಡದೆ ಹಿಂದುಮುಂದು ತಿರುಗಿಸಿ ಇಡಿ. ಗುಳ್ಳೆ ಬೇರೆ ಕಡೆಗೆ ಸರಿದರೆ ಮಟ್ಟವೇ ಸುಳ್ಳು ಹೇಳುತ್ತಿದೆ.

ಹೊಸಚಾಕ್:

ಸಿಕ್ಕಿತು! ಆ ಕೋಣೆ ಮೊದಲು ತೆರೆದ ಜಗಲಿಯಾಗಿತ್ತು. ನೀರು ಹರಿಯಲಿ ಅಂತ ನೆಲಕ್ಕೆ ವಾಟ ಕೊಟ್ಟಿದ್ದಾರೆ. ಅದನ್ನು ಸರಿದೂಗಿಸಲು ಜೋಡಿಸಿದವರು ಆ ಕಾಲಿನ ಕೆಳಗೆ ರಟ್ಟು ಮಡಚಿ ಇಟ್ಟಿದ್ದಾರೆ. ಆ ರಟ್ಟು ಈಗ ಹಪ್ಪಳದ ಹಾಗೆ ಚಪ್ಪಟೆ. ಒಂದು ಅಂಚು ನೆಲ ಒರೆಸಿದ ನೀರು ಕುಡಿದು ಬಿಳಿಚಿಕೊಂಡಿದೆ. ಉಗುರಿನಲ್ಲಿ ಕೆರೆದರೆ ಪದರ ಪದರವಾಗಿ ಬರುತ್ತದೆ.

ಸ್ಲೇಟ್‌ಮೇಷ್ಟ್ರು:

ಸ್ಲೇಟಿನ 8 ಅಡಿ ಟೇಬಲ್ ಸಾಮಾನ್ಯವಾಗಿ 300 ಕಿಲೋಗಿಂತ ಜಾಸ್ತಿ ತೂಗುತ್ತದೆ. ಅದರ ಕೆಳಗೆ ರಟ್ಟು ಎಷ್ಟು ದಿನ ತಡೆದೀತು?

ನಾಲ್ಕು ಜನ ಸೇರಿ ಮೂಲೆ ಎತ್ತಬೇಡಿ. ರೈಲ್, ಅಂದರೆ ಕುಶನ್ ಕೂತಿರುವ ಅಂಚಿನ ಪಟ್ಟಿ ಹಿಡಿದಂತೂ ಎತ್ತಲೇಬೇಡಿ, ಅದು ಬರೀ ಬೋಲ್ಟಿನ ಮೇಲೆ ನಿಂತಿದೆ. ಕಾರಿನ ಜಾಕ್ ಸಾಕು. ಜಾಕಿನ ತಲೆಗೆ ಮರದ ಹಲಗೆ ಇಟ್ಟು, ಕಾಲಿನ ಪಕ್ಕದಲ್ಲಿ ಚೌಕಟ್ಟಿನ ತೊಲೆಗೇ ಕೊಡಿ. ರಟ್ಟು ಹೊರಬರುವಷ್ಟು ಎತ್ತಿದರೆ ಮುಗಿಯಿತು. ಒಂದೇ ಮೂಲೆ ಜಾಸ್ತಿ ಎತ್ತಿದರೆ ಚೌಕಟ್ಟು ತಿರುಚಿಕೊಳ್ಳುತ್ತದೆ, ಸ್ಲೇಟ್ ಕೂಡಿದ ಕಡೆ ತುಂಬಿರುವ ಜೇನುಮೇಣ ಬಿರುಕು ಬಿಡುತ್ತದೆ. ಕಾಲಿನ ಕೆಳಗೆ ಕೈ ಹಾಕಬೇಡಿ, ಕಡ್ಡಿಯಿಂದ ತಳ್ಳಿ.

ರಟ್ಟಿನ ಜಾಗಕ್ಕೆ ತೆಳು ಲೋಹದ ತಗಡು, ಒಂದರ ಮೇಲೊಂದು. ಒಂದು ತಗಡು ಸೇರಿಸಿ, ಜಾಕ್ ಪೂರ್ತಿ ಇಳಿಸಿ, 3ನೇ ನಂಬರ್ ಚೆಂಡು ಬಿಡಿ. ಬೇಸರದ ಕೆಲಸ, ಆದರೆ ಅವಸರಪಟ್ಟರೆ ಎರಡು ಸಲ ಮಾಡಬೇಕಾಗುತ್ತದೆ.

ಮೇಪಲ್‌ಕೋಲು:

ಟೇಬಲ್ ಮೇಷ್ಟ್ರಿಗೆ ಬಿಟ್ಟೆ. ನಾನು ಕ್ಯೂ ಬಗ್ಗೆ ಹೇಳುತ್ತೇನೆ.

ಜೋಡಿಸಿದ ಕ್ಯೂವನ್ನು ಉರುಳಿಸಿ ‘ಬಾಗಿದೆ’ ಅಂತ ತೀರ್ಪು ಕೊಡಬೇಡಿ. ಬಿಚ್ಚಿ. ಮುಂದಿನ ತುಂಡನ್ನು ಬೇರೆ, ಹಿಂದಿನ ತುಂಡನ್ನು ಬೇರೆ ಉರುಳಿಸಿ. ಬಡಗಿ ರೀಪಿನ ಡೊಂಕು ನೋಡುವಂತೆ ಒಂದು ಕಣ್ಣು ಮುಚ್ಚಿ, ಉದ್ದಕ್ಕೆ ನೋಡುತ್ತಾ ತಿರುಗಿಸಿ. ಎರಡೂ ನೇರವಿದ್ದು ಸೇರಿಸಿದಾಗ ಮಾತ್ರ ಕುಣಿದರೆ, ದೋಷ ಜಾಯಿಂಟಿನಲ್ಲಿದೆ. ಅಲ್ಲಿ ಕೂದಲೆಳೆಯಷ್ಟು ಕಸ ಕೂತರೂ ತುದಿಯಲ್ಲಿ ಎದ್ದು ಕಾಣುತ್ತದೆ.

ಸದ್ದಿಗೆ: ಹಿಂದಿನ ತುಂಡನ್ನು ಮೇಲ್ಗಡೆ ಎರಡು ಬೆರಳಲ್ಲಿ ಸಡಿಲವಾಗಿ ತೂಗುಹಾಕಿ, ಇನ್ನೊಂದು ಕೈ ಮುಷ್ಟಿಯಿಂದ ಮೆಲ್ಲಗೆ ಗುದ್ದಿ. ‘ಝರ್’ ಅಂದರೆ ಒಳಗಿನ ತೂಕದ ಬೋಲ್ಟ್ ಸಡಿಲ. ಬುಡದ ರಬ್ಬರ್ ತೆಗೆದರೆ ಕಾಣುತ್ತದೆ. ಅದು ಬಿಗಿಯಿದ್ದರೆ ಮುಂದಿನ ತುಂಡಿಗೆ ಬನ್ನಿ. ಟಿಪ್ (ತುದಿಯ ಚರ್ಮದ ಬಿಲ್ಲೆ) ಕೆಳಗಿನ ಬಿಳಿ ಉಂಗುರ, ಅದೇ ಫೆರೂಲ್, ಬಿರುಕು ಬಿಟ್ಟಿದೆಯಾ, ಉಗುರಿಗೆ ತಾಗುತ್ತಾ ನೋಡಿ. ಟಿಪ್ ಅಂಟು ಬಿಡುತ್ತಿದ್ದರೂ ಇದೇ ಸದ್ದು.

ಮಿಸ್‌ಕ್ಯೂಗೆ ಟಿಪ್ ಫೋಟೋ ಹಾಕಿ. ಹೊಳೆಯುತ್ತಿದೆಯಾ?

ಹೊಸಚಾಕ್:

ಗುದ್ದಿದೆ. ಝರ್ ಅಂತು! ಬುಡದ ಬೋಲ್ಟ್ ಮುಕ್ಕಾಲು ಸುತ್ತು ಸಡಿಲವಿತ್ತು.

ಎರಡು ತುಂಡೂ ನೇರವೇ ಇವೆ. ಜಾಯಿಂಟಿನ ಮುಖವನ್ನು ಬೆಳಕಿಗೆ ಹಿಡಿದರೆ ಒಂದು ಅಂಚಿನಲ್ಲಿ ನೀಲಿ ಚುಕ್ಕೆ. ಚಾಕ್ ಪುಡಿ ಪಾಲಿಶ್ ಜೊತೆ ಸೇರಿ ಅರಗಿನ ಹಾಗೆ ಗಟ್ಟಿಯಾಗಿದೆ. ಎಳ್ಳು ಕಾಳಿಗಿಂತ ಚಿಕ್ಕದು. ಇದೊಂದಕ್ಕೆ ಹೊಸ ಕ್ಯೂ ತರಲು ಹೊರಟಿದ್ದೆ.

ಟಿಪ್ ಹೊಸ ಚಪ್ಪಲಿ ಅಟ್ಟೆಯ ಹಾಗೆ ಮಿರಮಿರ ಹೊಳೆಯುತ್ತಿದೆ. ಇನ್ನೊಂದು ತಪ್ಪೊಪ್ಪಿಗೆ: ಕೋಲು ಕೈಗೆ ಅಂಟುತ್ತದೆ ಅಂತ ವಾರಕ್ಕೊಮ್ಮೆ ಸ್ಯಾಂಡ್‌ಪೇಪರ್ ಹಾಕುತ್ತಿದ್ದೆ.

ಮೇಪಲ್‌ಕೋಲು:

ಅಯ್ಯೋ, ಆ ಸ್ಯಾಂಡ್‌ಪೇಪರನ್ನು ಇವತ್ತೇ ಮನೆಯಿಂದ ಹೊರಗೆ ಹಾಕಿ. ಪೂಲ್ ಕ್ಯೂ ತುದಿ ಹೆಚ್ಚಾಗಿ 12.75ರಿಂದ 13 ಮಿಮೀ ಇರುತ್ತದೆ. ನೀವು ಪ್ರತಿ ವಾರ ಮರವನ್ನೇ ತೆಗೆಯುತ್ತಿದ್ದೀರಿ, ಹೋದ ಮರ ವಾಪಸ್ ಬರುವುದಿಲ್ಲ. ಅಂಟು ಬೆವರು ಮತ್ತು ಚಾಕಿನದು. ಬಟ್ಟೆಯನ್ನು ಒದ್ದೆ ಮಾಡಿ ಚೆನ್ನಾಗಿ ಹಿಂಡಿ, ಒರೆಸಿ, ಕೂಡಲೇ ಒಣ ಬಟ್ಟೆಯಿಂದ ಬಿಸಿ ಹತ್ತುವಷ್ಟು ಉಜ್ಜಿ. ಆಟಕ್ಕೆ ಮೊದಲು ಕೈ ತೊಳೆದರೆ ಈ ಕೆಲಸವೂ ಕಡಿಮೆ. ಟಾಲ್ಕಮ್ ಪೌಡರ್ ಬೇಡ, ಅದೆಲ್ಲ ಕೊನೆಗೆ ಟೇಬಲ್ ಬಟ್ಟೆಗೇ ಸೇರುತ್ತದೆ.

ಟಿಪ್ಪಿನ ಹೊಳಪು ಅಂದರೆ ಚರ್ಮ ಗಟ್ಟಿಯಾಗಿ ಚಾಕ್ ಹಿಡಿಯುತ್ತಿಲ್ಲ. ಟಿಪ್ ಉಜ್ಜುವ ಉಪಕರಣದಿಂದ ಮೇಲ್ಮೈ ಸ್ವಲ್ಪ ಒರಟು ಮಾಡಿ, ನಡು ಉಬ್ಬಿರುವ ಹಾಗೆ ದುಂಡಗೆ ಇಟ್ಟುಕೊಳ್ಳಿ. ಚಪ್ಪಟೆ ಟಿಪ್ಪಿನಲ್ಲಿ ಚೆಂಡಿನ ನಡು ಬಿಟ್ಟು ಹೊಡೆದರೆ ಅಂಚು ತಾಗಿ ಜಾರುತ್ತದೆ. ಚಾಕನ್ನು ಬುಗುರಿಯ ಹಾಗೆ ತಿರುವಬೇಡಿ. ಬಣ್ಣ ಬಳಿದ ಹಾಗೆ ಸವರಿ, ಪ್ರತಿ ಏಟಿಗೆ ಮುಂಚೆ.

ಅಂದ ಹಾಗೆ, ಈ ಚಾಕ್ ಸೀಮೆಸುಣ್ಣ ಅಲ್ಲ. 1897ರಲ್ಲಿ ಪೇಟೆಂಟ್ ಆದಾಗಿನಿಂದ ಅದರಲ್ಲಿ ಸಿಲಿಕಾ ಮತ್ತು ಉಜ್ಜುವ ಗುಣದ ಪುಡಿಯದೇ ಕಾರುಬಾರು. ಅದಕ್ಕೇ ಬಟ್ಟೆಯೊಳಗೆ ಇಳಿದರೆ ಎಳೆಗಳನ್ನು ಸವೆಸುತ್ತದೆ. ಟೇಬಲ್ ಅಂಚಿನಲ್ಲಿ ಚಾಕನ್ನು ಬೋರಲು ಇಡುವವರನ್ನು ನಾನು ಎರಡನೇ ಸಲ ಆಟಕ್ಕೆ ಕರೆಯುವುದಿಲ್ಲ!

ಬಿಸಿಲಲ್ಲಿ ನಿಂತ ಕಾರಿನಲ್ಲಿ ಕ್ಯೂ ಬಿಡಬೇಡಿ. ತಿಂಗಳುಗಟ್ಟಲೆ ಗೋಡೆಗೆ ಒರಗಿಸಲೂ ಬೇಡಿ. ಈಗ ನೇರ ಇದ್ದದ್ದು ಆಗ ನಿಜವಾಗಿಯೂ ಬಾಗೀತು.

ಖಾಲಿಕೋಣೆ:

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾನೂ ಹಳೆಯ 8 ಅಡಿ ಟೇಬಲ್ ನೋಡುತ್ತಿದ್ದೇನೆ. ಏನು ನೋಡಿ ತರಬೇಕು?

ಸ್ಲೇಟ್‌ಮೇಷ್ಟ್ರು:

ಟೇಬಲ್ ನೋಡುವ ಮೊದಲು ನಿಮ್ಮ ಕೋಣೆ ಅಳೆಯಿರಿ. ಆಡುವ ಜಾಗ 88 ಅಂಗುಲಕ್ಕೆ 44. ಕ್ಯೂ 58 ಅಂಗುಲ, ಅದು ಎರಡೂ ಕಡೆಗೆ ಬೇಕು. ಕೂಡಿದರೆ 17 ಅಡಿಗೆ 13 ಅಡಿ 4 ಅಂಗುಲ, ಅದೂ ಕೈ ಹಿಂದಕ್ಕೆಳೆಯುವ ಜಾಗ ಸೇರಿಸದೆ. ಕಂಬ ಅಡ್ಡ ಬಂದರೆ ಆ ಒಂದು ಮೂಲೆಗೆ ಗಿಡ್ಡ ಕ್ಯೂ ಇಟ್ಟುಕೊಳ್ಳಬಹುದು. ನಾಲ್ಕೂ ಕಡೆ ಗಿಡ್ಡ ಕ್ಯೂ ಬೇಕಾದರೆ 7 ಅಡಿ ಟೇಬಲ್ಲೇ ಒಳ್ಳೆಯದು.

ಆಮೇಲೆ ಕೆಳಗೆ ತೂರಿ ನೋಡಿ. ಕಪ್ಪು ಕಲ್ಲು ಕಂಡರೆ ಸ್ಲೇಟ್. ಒತ್ತಿದ ಮರದ ಹಲಗೆಯಾದರೆ ತೇವಕ್ಕೆ ಉಬ್ಬಿ ಬಾಗುತ್ತದೆ, ಅದನ್ನು ತಗಡು ಇಟ್ಟು ಸರಿ ಮಾಡಲಾಗದು. ಬಟ್ಟೆ ಹರಿದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಬಟ್ಟೆ ಹೇಗೂ ಬದಲಿಸುವ ವಸ್ತು. ಕುಶನ್ ಮಾತ್ರ ಕಿವಿಯಿಂದ ಪರೀಕ್ಷಿಸಿ. ಸುತ್ತಲೂ ಒಂದೊಂದು ಗೇಣಿಗೆ ಚೆಂಡು ಹೊಡೆಯಿರಿ. ಎಲ್ಲ ಕಡೆ ಒಂದೇ ಸದ್ದು ಬರಬೇಕು. ಒಂದು ಕಡೆ ‘ಧಬ್’ ಅಂತ ಚೆಂಡು ಸತ್ತಂತೆ ಬಿದ್ದರೆ ಕೆಳಗಿನ ಬೋಲ್ಟ್ ಸಡಿಲವಿರಬಹುದು, ಅದು ಸುಲಭ. ಎಲ್ಲ ಕಡೆಯೂ ಹಾಗೇ ಆದರೆ, ಬೆರಳಿಗೆ ರಬ್ಬರ್ ಕಲ್ಲಿನ ಹಾಗೆ ಸಿಕ್ಕರೆ, ಆರೂ ಕುಶನ್ ಬದಲಿಸಬೇಕು. ಕುಶನ್ ಮೂಗಿನ, ಅಂದರೆ ಚೆಂಡಿಗೆ ತಾಗುವ ಅಂಚಿನ ಎತ್ತರ ಸುಮಾರು 36 ಮಿಮೀ ಇರಬೇಕು. ತಗ್ಗಿದ್ದರೆ ಜೋರಾಗಿ ಬಂದ ಚೆಂಡು ಹಾರುತ್ತದೆ.

ಹೊಸಚಾಕ್:

ಭಾನುವಾರದ ವರದಿ. ರಟ್ಟು ಹೋಯಿತು, ನಾಲ್ಕು ತಗಡು ಬಂತು. ಮೂರಕ್ಕೆ ಇನ್ನೂ ವಾಲುತ್ತಿತ್ತು, ಐದಕ್ಕೆ ಬಾಗಿಲ ಕಡೆ ಹೊರಳಿತು, ನಾಲ್ಕಕ್ಕೆ ನೇರ ಹೋಗಿ ಕುಶನ್ ಮುಟ್ಟಿ ನಿಂತಿತು. ಬಿಳಿ ಚೆಂಡು ಹೊಸದು. ಕ್ಯೂ ಹಳೆಯದೇ, ಸದ್ದಿಲ್ಲ.

ಉಳಿದದ್ದು ಒಂದೇ. ಬ್ರೇಕ್, ಅಂದರೆ ಆಟ ಶುರುಮಾಡುವ ಮೊದಲ ಏಟು ಹೊಡೆಯುವ ಜಾಗದಲ್ಲಿ ಬಟ್ಟೆ ಮೇಲೆ ಸಣ್ಣ ಬಿಳಿ ಕಲೆಗಳು. ಒರೆಸಿದರೆ ಹೋಗುತ್ತಿಲ್ಲ.

ಸ್ಲೇಟ್‌ಮೇಷ್ಟ್ರು:

ಹೋಗುವುದಿಲ್ಲ, ಅವು ಸುಟ್ಟ ಗುರುತು. ಜೋರು ಏಟಿಗೆ ಚೆಂಡು ಬಟ್ಟೆ ಮೇಲೆ ಜಾರಿದಾಗ ಎಳೆಗಳು ಬಿಸಿಯಾಗಿ ಹಾಗಾಗುತ್ತದೆ. ಆಟಕ್ಕೆ ತೊಂದರೆ ಇಲ್ಲ. ಬ್ರೇಕ್ ಅಭ್ಯಾಸ ಮಾಡುವಾಗ ಚೆಂಡಿನ ಕೆಳಗೆ ಅದೇ ಬಟ್ಟೆಯ ಸಣ್ಣ ತುಂಡು ಇಡಿ, ಮತ್ತು ದಿನಾ ಒಂದೇ ಜಾಗದಿಂದ ಹೊಡೆಯಬೇಡಿ.