ಚರ್ಚಿಗೆ ಯೋಜಿಸಿ ಕೊಡೋದು ಹೇಗೆ? ಕೊಟ್ಟವರು, ಲೆಕ್ಕ ಬರೆದವರು ಹೇಳಿ

ಕೇಳಿದ್ದು:
ನನಗೀಗ ಅರವತ್ತೆಂಟು. ಒಬ್ಬಳೇ ಇದ್ದೀನಿ, ತಮ್ಮನ ಮಕ್ಕಳು ಇಬ್ಬರಿದ್ದಾರೆ. ಇಷ್ಟು ವರ್ಷ ಭಾನುವಾರ ಪರ್ಸಿನಲ್ಲಿ ಸಿಕ್ಕಿದ್ದನ್ನ ಕಾಣಿಕೆ ತಟ್ಟೆಗೆ ಹಾಕ್ತಾ ಬಂದೆ. ಇನ್ನು ತಿಂಗಳಿಗಿಷ್ಟು ಅಂತ ಗೊತ್ತು ಮಾಡ್ಕೊಂಡು ನಮ್ಮ ಕಥೋಲಿಕ ಧರ್ಮಕೇಂದ್ರಕ್ಕೆ, ಅಂದರೆ ನಾವು ಸೇರಿರೋ ಚರ್ಚಿಗೆ, ಕೊಡಬೇಕು, ನಾನು ಹೋದ ಮೇಲೂ ಒಂದು ಪಾಲು ಸೇರಬೇಕು ಅಂತ ಆಸೆ. ಅಪ್ಪ ಅಮ್ಮನ ಆತ್ಮಶಾಂತಿಗೆ ವರ್ಷಕ್ಕೊಂದು ಬಲಿಪೂಜೆಯೂ (ಚರ್ಚಿನ ಮಾಸ್) ನಡೀಬೇಕು. ಹತ್ತರಲ್ಲೊಂದು ಪಾಲು ಕೊಡಲೇಬೇಕಾ? ಉಯಿಲಲ್ಲಿ ಏನಂತ ಬರೆಸಲಿ? ಮಾಡಿ ನೋಡಿದವರು ಹೇಳಿ.

ಲೆಕ್ಕದ ಪುಸ್ತಕ:
ಅಕ್ಕ, ನಾನು ಒಂಬತ್ತು ವರ್ಷ ಧರ್ಮಕೇಂದ್ರದ ಆರ್ಥಿಕ ಸಮಿತಿಯಲ್ಲಿದ್ದವನು. ಹತ್ತರಲ್ಲೊಂದು ಅನ್ನೋದು ಹಳೆ ಒಡಂಬಡಿಕೆಯ ಲೆಕ್ಕ. ಶ್ರೀಸಭೆಯ, ಅಂದರೆ ಇಡೀ ಕಥೋಲಿಕ ಚರ್ಚಿನ, 1983ರ ಕಾನೂನು ಸಂಹಿತೆಯಲ್ಲಿ ವಿಶ್ವಾಸಿ ಇಷ್ಟೇ ಕೊಡಬೇಕು ಅಂತ ಶೇಕಡಾವಾರು ಇಲ್ಲ. ಶ್ರೀಸಭೆಯ ಅಗತ್ಯಗಳಿಗೆ ನೆರವಾಗೋದು ವಿಶ್ವಾಸಿಗಳ ಕರ್ತವ್ಯ ಅನ್ನುತ್ತೆ 222ನೇ ವಿಧಿ. ಎಷ್ಟು ಅನ್ನೋದು ನಿಮ್ಮ ಶಕ್ತಿ, ನಿಮ್ಮ ಮನಸ್ಸು.

ತಿಂಗಳ ಕಾಣಿಕೆಗೆ ಬ್ಯಾಂಕಿನಲ್ಲಿ ಒಂದು ಸಲ ಬರೆದುಕೊಟ್ಟುಬಿಡಿ, ತಾನಾಗೇ ಹೋಗಲಿ. ಕ್ರಿಸ್‌ಮಸ್, ಈಸ್ಟರ್‌ಗೆ ತಟ್ಟೆ ತುಂಬಿ ಚೆಲ್ಲುತ್ತೆ. ಜೋರು ಮಳೆ ಬಂದ ಭಾನುವಾರ ಬೆಂಚೂ ಅರ್ಧ, ತಟ್ಟೆಯೂ ಅರ್ಧ. ಕರೆಂಟ್ ಬಿಲ್ಲಿಗೆ ಹಬ್ಬವೂ ಗೊತ್ತಿಲ್ಲ, ಮಳೆಯೂ ಗೊತ್ತಿಲ್ಲ. ತಪ್ಪದೆ ಬರೋ ಸಣ್ಣ ಮೊತ್ತಗಳನ್ನ ನಂಬಿಕೊಂಡೇ ನಾವು ಚಾವಣಿ ರಿಪೇರಿಗೆ ದಿನ ಗೊತ್ತು ಮಾಡಿದ್ದು. ಮೊದಲನೇ ವರ್ಷ ಕೈಬಿಗಿ ಹಿಡಿದು ಶುರುಮಾಡಿ, ಆಸ್ಪತ್ರೆ ಖರ್ಚು ಹೇಳಿ ಬರಲ್ಲ. ವರ್ಷದ ಲೆಕ್ಕ ಕೇಳೋಕೆ ಸಂಕೋಚ ಬೇಡ. ವಿಶ್ವಾಸಿಗಳು ಕೊಟ್ಟದ್ದರ ಲೆಕ್ಕವನ್ನ ಅವರ ಮುಂದಿಡಬೇಕು ಅಂತ 1287ನೇ ವಿಧಿಯಲ್ಲೇ ಇದೆ. ಕೇಳಿದವರ ಮೇಲೆ ಮುಖ ಸಿಂಡರಿಸಿದ ಖಜಾಂಚಿಗಳನ್ನೂ ನೋಡಿದ್ದೀನಿ, ಆ ಮಾತು ಬಿಡಿ.

ಎರಡನೇ ಮಗಳು:
ನಮ್ಮಮ್ಮನ ಕತೆ ಹೇಳ್ತೀನಿ. ಅಮ್ಮ ಚರ್ಚಿನಲ್ಲಿ ಮೂವತ್ತು ವರ್ಷ ಪೈಪ್ ಆರ್ಗನ್ ನುಡಿಸಿದವಳು. ಕಾಲಿನ ಪೆಡಲ್ ಒತ್ತೋಕೆ ಅಂತಲೇ ತೆಳು ಅಡಿಯ ಒಂದು ಜೊತೆ ಬೂಟು ಇಟ್ಟಿದ್ದಳು, ಅದನ್ನ ಹಾಕ್ಕೊಂಡು ಹೊರಗೆ ಒಂದು ಹೆಜ್ಜೆ ಇಟ್ಟವಳಲ್ಲ. ಉಯಿಲಲ್ಲಿ ‘ಆರ್ಗನ್ ದುರಸ್ತಿಗೆ ಮಾತ್ರ’ ಅಂತ ಒಂದು ಮೊತ್ತ ಬರೆಸಿದ್ದಳು. ಅವಳು ತೀರಿಕೊಳ್ಳೋ ಹೊತ್ತಿಗೆ ಆರ್ಗನ್ ಗೆದ್ದಲು ತಿಂದು, ಬಿಚ್ಚಿ ಸಾಗಿಸಿಯಾಗಿತ್ತು. ವೃಂದಗಾನದವರು ಕೀಬೋರ್ಡಿಗೆ ಒಗ್ಗಿಹೋಗಿದ್ದರು.

ಹಣ ಬಂತು, ಮುಟ್ಟೋ ಹಾಗಿಲ್ಲ. ಯಾವ ಉದ್ದೇಶಕ್ಕೆ ಕೊಟ್ಟದ್ದೋ ಅದಕ್ಕೇ ಬಳಸಬೇಕು ಅನ್ನುತ್ತೆ 1267ನೇ ವಿಧಿ. ಫಾದರ್ ಅದರಂತೆ ನಡೆದರು, ಅವರದ್ದೇನೂ ತಪ್ಪಿಲ್ಲ. ‘ಮಾತ್ರ’ ಅನ್ನೋ ಒಂದು ಪದ ನಮ್ಮನ್ನ ಎರಡು ವರ್ಷ ಬಿಷಪರ ಕಚೇರಿಗೆ ಅಲೆಸಿತು. ಕೊಟ್ಟವರ ಇಚ್ಛೆ ನಡೆಸೋದು ಸಾಧ್ಯವೇ ಇಲ್ಲವಾದಾಗ, ಅದಕ್ಕೆ ಆದಷ್ಟು ಹತ್ತಿರದ ಕೆಲಸಕ್ಕೆ ಬದಲಿಸೋಕೆ ಬಿಷಪರಿಗೆ ದಾರಿ ಇದೆ (1310). ಆದರೆ ಅವರು ಸಂಬಂಧಪಟ್ಟವರನ್ನೂ ತಮ್ಮ ಆರ್ಥಿಕ ಸಮಿತಿಯನ್ನೂ ಕೇಳಬೇಕು, ಕಾಗದಪತ್ರ ಆಗಬೇಕು. ಕಡೆಗೆ ವೃಂದಗಾನದ ಮಕ್ಕಳ ಸಂಗೀತ ಪಾಠಕ್ಕೆ ಹೋಯಿತು.

ನೀವು ಬರೆಸುವಾಗ ಇನ್ನೊಂದು ಸಾಲು ಸೇರಿಸಿ: ‘ಆ ಅಗತ್ಯ ಇಲ್ಲದಿದ್ದರೆ ಧರ್ಮಕೇಂದ್ರದ ಇತರ ಅಗತ್ಯಕ್ಕೆ ಬಳಸಬಹುದು.’ ಆ ಬೂಟು ಈಗಲೂ ನನ್ನ ಹತ್ತಿರ ಇದೆ. ಯಾರ ಕಾಲಿಗೂ ಆಗಲ್ಲ.

ಹೆಸರು ಬೇಡ:
ಉಯಿಲಲ್ಲಿ ಫಾದರ್ ಹೆಸರು ಬರೆಸಬೇಡಿ. ನಮ್ಮ ಚಿಕ್ಕಪ್ಪ ಬರೆಸಿದ್ರು. ಆ ಫಾದರ್‌ಗೆ ಎರಡು ಸಲ ವರ್ಗವಾಗಿತ್ತು. ಧರ್ಮಕೇಂದ್ರದ ಗುರುಗಳ ಕೈಗೆ ಕೊಟ್ಟದ್ದು ಧರ್ಮಕೇಂದ್ರಕ್ಕೇ ಕೊಟ್ಟಂತೆ ಅಂತ ಶ್ರೀಸಭೆಯ ಕಾನೂನು ಮೊದಲಿಗೆ ಎಣಿಸುತ್ತೆ, ಸರಿ. ಉಯಿಲು ಓದೋ ವಕೀಲರು ಅಲ್ಲಿ ಬರೆದ ಹೆಸರು ನೋಡ್ತಾರೆ. ಚರ್ಚಿನ ಆಸ್ತಿ ಕಾಗದದಲ್ಲಿ ಯಾವ ಹೆಸರಿದೆಯೋ ಅದನ್ನೇ ಕೇಳಿ ಬರೆಸಿ. ಎಷ್ಟೋ ಕಡೆ ಅದು ಧರ್ಮಕೇಂದ್ರದ ಹೆಸರಲ್ಲಿರಲ್ಲ, ಬಿಷಪರ ಆಡಳಿತದ ಇಡೀ ಧರ್ಮಕ್ಷೇತ್ರದ ಹೆಸರಲ್ಲಿರುತ್ತೆ.

ಹಿಂದಿನ ಬೆಂಚು:
ಮನೆ ಕೊಡೋ ಯೋಚನೆ ಇದ್ದರೆ ಮೊದಲು ಚರ್ಚಿಗೆ ಅದು ಬೇಕಾ ಅಂತ ಕೇಳಿ. ನಮ್ಮ ದೊಡ್ಡಮ್ಮ ‘ಮಾರಬಾರದು’ ಅಂತ ಷರತ್ತು ಹಾಕಿ ಹಳೆ ಮನೆ ಬಿಟ್ಟುಹೋದರು. ಷರತ್ತಿನ ದಾನ ತೆಗೆದುಕೊಳ್ಳೋಕೇ ಬಿಷಪರ ಅನುಮತಿ ಬೇಕು, ದೊಡ್ಡ ದಾನವನ್ನ ಬೇಡ ಅನ್ನೋಕೂ ಬೇಕು. ಅಷ್ಟರಲ್ಲಿ ಗೋಡೆಗೆ ನೀರು ಇಳಿದಿತ್ತು. ಹಣವನ್ನೂ ಇಷ್ಟೇ ಅಂತ ಮೊತ್ತ ಹಾಕಿ ಬರೆಸೋದಕ್ಕಿಂತ, ಸಾಲ, ಆಸ್ಪತ್ರೆ, ಅಂತ್ಯಕ್ರಿಯೆ ಎಲ್ಲ ತೀರಿ ಉಳಿದದ್ದರಲ್ಲಿ ಶೇಕಡಾ ಇಷ್ಟು ಅಂತ ಬರೆಸಿದರೆ ತಮ್ಮನ ಮಕ್ಕಳ ಪಾಲಿಗೂ ಕುತ್ತು ಬರಲ್ಲ.

ಆ ಮಕ್ಕಳಿಗೆ ಈಗಲೇ ಹೇಳಿಬಿಡಿ. ನಮ್ಮಲ್ಲಿ ತಿಥಿಯ ದಿನ ಗೊತ್ತಾಯಿತು. ಕೊಟ್ಟದ್ದಕ್ಕೆ ಯಾರೂ ಜಗಳ ಆಡಲಿಲ್ಲ, ಮುಚ್ಚಿಟ್ಟದ್ದಕ್ಕೆ ಆಡಿದರು. ಸಾಕ್ಷಿ, ಸಹಿ ಎಲ್ಲ ನಿಮ್ಮ ದೇಶದ ಕಾನೂನಿನಂತೆ ಆಗಲಿ. ಅದು ತಪ್ಪಿದ್ದರೆ, ತೀರಿಕೊಂಡವರ ಇಚ್ಛೆ ನಡೆಸಿಕೊಡೋದು ನಿಮ್ಮ ಹೊಣೆ ಅಂತ ವಾರಸುದಾರರಿಗೆ ನೆನಪಿಸಬೇಕು ಅನ್ನುತ್ತೆ ಶ್ರೀಸಭೆ (1299). ನೆನಪಿಸಬಹುದು, ವಸೂಲಿ ಮಾಡೋಕಾಗಲ್ಲ.

ಲೆಕ್ಕದ ಪುಸ್ತಕ:
ಪೂಜೆ ವಿಷಯ ಬಿಟ್ಟುಹೋಗಿತ್ತು. ಒಂದು ಇಡಿಗಂಟು ಕೊಟ್ಟು ಅದರ ಬಡ್ಡಿಯಲ್ಲಿ ವರ್ಷವರ್ಷ ಪೂಜೆ ನಡೆಸೋದಕ್ಕೆ ಬಿಷಪರ ಲಿಖಿತ ಅನುಮತಿ ಬೇಕು. ಪತ್ರದ ಒಂದು ಪ್ರತಿ ಬಿಷಪರ ಕಚೇರಿಯಲ್ಲಿ, ಇನ್ನೊಂದು ಚರ್ಚಿನಲ್ಲಿ ಇರುತ್ತೆ. ಹೀಗೆ ಒಪ್ಪಿಕೊಂಡ ಪೂಜೆಗಳ ಪಟ್ಟಿಯನ್ನ ಕಣ್ಣಿಗೆ ಬೀಳೋ ಕಡೆ ಹಾಕಬೇಕು, ಗುರುಗಳು ಬೇರೆ ಪುಸ್ತಕದಲ್ಲಿ ಯಾವುದು ನಡೀತು ಅಂತ ಗುರುತಿಸಬೇಕು (1307). ನಮ್ಮಲ್ಲಿ ಆ ಪಟ್ಟಿ ಗುರುಗಳು ಪೂಜೆಗೆ ತಯಾರಾಗೋ ಕೋಣೆಯ ಬಾಗಿಲ ಹಿಂದೆ, ಉಡುಪು ನೇತುಹಾಕೋ ಮೊಳೆಯ ಪಕ್ಕ ಇತ್ತು. ಬಾಗಿಲು ಹಾಕಿದಾಗ ಮಾತ್ರ ಕಾಣಿಸೋದು.

‘ಶಾಶ್ವತ’ ಅಂತ ಬರೆಸೋಕೆ ನನ್ನ ಮನಸ್ಸು ಒಪ್ಪಲ್ಲ. ಬಡ್ಡಿ ಕರಗುತ್ತೆ. ಆದಾಯ ಕಡಿಮೆಯಾದರೆ ಬಿಷಪರು ಪೂಜೆಗಳ ಸಂಖ್ಯೆ ಇಳಿಸಬಹುದು. ಇಷ್ಟು ವರ್ಷ ಅಂತ ಗಡುವು ಹಾಕಿ, ಅದಾದ ಮೇಲೆ ಗಂಟು ಯಾವುದಕ್ಕೆ ಅಂತಲೂ ಬರೆಸಿ.

ಕೇಳಿದ್ದು:
ಎಲ್ಲರಿಗೂ ದೊಡ್ಡ ಉಪಕಾರ. ಬ್ಯಾಂಕಿಗೆ ನಿನ್ನೆಯೇ ಹೋಗಿ ಬಂದೆ. ತಮ್ಮನ ಮಕ್ಕಳಿಗೆ ಫೋನಲ್ಲಿ ಹೇಳಿದೆ, ದೊಡ್ಡವನು ‘ಅತ್ತೆ, ಅದಿರಲಿ, ಮೊದಲು ಕಣ್ಣಿನ ಆಪರೇಷನ್ ಮಾಡಿಸ್ಕೋ’ ಅಂದ. ಉಯಿಲಲ್ಲಿ ‘ಮಾತ್ರ’ ಇರಲ್ಲ, ಫಾದರ್ ಹೆಸರೂ ಇರಲ್ಲ. ಪೂಜೆಗೆ ನಾನು ಹೋದಾಗಿನಿಂದ ಇಪ್ಪತ್ತೈದು ವರ್ಷ ಸಾಕು ಅಂತ ಬರೆಸ್ತೀನಿ. ಅಷ್ಟು ಹೊತ್ತಿಗೆ ದೇವರು ಕರುಣೆ ತೋರಿದ್ದರೆ ಮೂವರೂ ಒಂದೇ ಕಡೆ ಇರ್ತೀವಿ, ಸಾಕಾಯಿತಾ ಅಂತ ಅಮ್ಮನನ್ನೇ ಕೇಳ್ತೀನಿ.