ಹಳದಿ ಬಿತ್ತು ಅಂತ ನಿಲ್ಲಿಸಿದ್ದಕ್ಕೆ ಹಿಂದಿನವರು ಇಳಿದು ಬಂದು ಬೈದ್ರು, ಕ್ಯಾಮೆರಾ ಇರೋ ಸಿಗ್ನಲ್‌ನಲ್ಲಿ ನೀವೆಲ್ಲ ಏನ್ ಮಾಡ್ತೀರಾ?

ಅರ್ಧಕ್ಲಚ್:
ಎಲ್ರಿಗೂ ನಮಸ್ಕಾರ. ನಾನು ದಿನಾ ಕೆಲಸಕ್ಕೆ ಹೋಗೋ ದಾರೀಲಿ ಒಂದು ದೊಡ್ಡ ಜಂಕ್ಷನ್ ಇದೆ, ಎರಡು ತಿಂಗಳ ಹಿಂದೆ ಅಲ್ಲಿ ರೆಡ್ ಲೈಟ್ ಕ್ಯಾಮೆರಾ ಹಾಕಿದ್ರು. ಅದು ಬಂದಾಗಿಂದ ನನ್ನ ಡ್ರೈವಿಂಗೇ ಕೆಟ್ಟುಹೋಗಿದೆ, ಸಿಗ್ನಲ್ ಇನ್ನೂ ಎಷ್ಟೋ ದೂರ ಇರುವಾಗ್ಲೇ ಕಣ್ಣು ರೋಡ್ ಬಿಟ್ಟು ಆ ಕಂಬದ ಮೇಲೆ ಹೋಗಿ ಕೂತ್ಕೊಳ್ಳುತ್ತೆ, ಕಾಲು ಆಕ್ಸಿಲರೇಟರ್‌ಗೂ ಬ್ರೇಕಿಗೂ ಮಧ್ಯ ತೂಗಾಡ್ತಿರುತ್ತೆ.

ನಿನ್ನೆ ಏನಾಯ್ತು ಅಂದ್ರೆ ಹಸಿರಿತ್ತು, ನಾನು 60ರಲ್ಲಿದ್ದೆ, ಲಿಮಿಟ್ಟೂ ಅಷ್ಟೇ, ಇನ್ನೇನು ಜಂಕ್ಷನ್ ಬಂತು ಅನ್ನುವಾಗ ಟಕ್ ಅಂತ ಹಳದಿ ಬಿತ್ತು. ಹೋಗ್ಲಾ ನಿಲ್ಲಿಸ್ಲಾ, ಹೋಗ್ಲಾ ನಿಲ್ಲಿಸ್ಲಾ ಅಂತ ಒಂದು ಗಳಿಗೆ ಒದ್ದಾಡಿ ಕೊನೆಗೆ ಬ್ರೇಕ್ ಮೇಲೆ ನಿಂತೇ ಬಿಟ್ಟೆ. ಪೆಡಲ್ ಗರಗರ ಅಂತ ಕಾಲಿಗೆ ಹೊಡೀತು, ಸೀಟಿನ ಮೇಲಿದ್ದ ಬ್ಯಾಗ್ ಮುಂದೆ ಹಾರಿ ಬಿತ್ತು, ಮುಂದಿನ ಚಕ್ರ ಬಿಳಿ ಗೆರೆ ದಾಟಿ ನಿಂತ್ಕೊಳ್ತು. ಮಿರರ್ ನೋಡಿದ್ರೆ ಹಿಂದಿನ ಕಾರಿನ ಬಾನೆಟ್ಟೇ ಕಾಣಿಸ್ತಿಲ್ಲ, ಬರೀ ಗ್ಲಾಸು, ಅದರೊಳಗೆ ಒಂದು ಮುಖ. ಜೀವ ಬಾಯಿಗೆ ಬಂತು. ಅವರು ಇಳಿದು ಬಂದು ಕಿಟಕಿ ತಟ್ಟಿ "ಹಳದಿಗೆ ಯಾರಾದ್ರೂ ಹಿಂಗೆ ನಿಲ್ಲಿಸ್ತಾರಾ, ಹೊಡ್ಕೊಂಡು ಹೋಗೋದಲ್ವಾ" ಅಂತ ಕೂಗಾಡಿದ್ರು. ನಾನು ಸಾರಿ ಅಂದೆ, ಆಮೇಲೆ ಯಾಕೆ ಅಂದೆ ಅಂತ ಇಡೀ ದಿನ ತಲೆ ಕೆಡಿಸ್ಕೊಂಡೆ.

ಈಗ ಹೇಳಿ, ಹಳದೀಲಿ ದಾಟಿದ್ರೆ ಕ್ಯಾಮೆರಾ ಹಿಡಿಯುತ್ತಾ? ಚಕ್ರ ಗೆರೆ ದಾಟಿ ನಿಂತಿದ್ದಕ್ಕೆ ನೋಟಿಸ್ ಬರುತ್ತಾ? ಮತ್ತೆ ನಾನು ಮಾಡಿದ್ದು ತಪ್ಪಾ?

ಕಂಟ್ರೋಲರ್_ಪೆಟ್ಟಿಗೆ:
ಸಿಗ್ನಲ್ ಟೈಮಿಂಗ್ ಕೆಲಸದಲ್ಲಿ ಸುಮಾರು ವರ್ಷ ಇದ್ದೆ, ಅದಕ್ಕೆ ಸ್ವಲ್ಪ ಉದ್ದವಾಗೇ ಬರೀತೀನಿ, ಬೇಜಾರಾಗ್ಬೇಡಿ.

ಮೊದಲು ಕ್ಯಾಮೆರಾ ವಿಷ್ಯ. ಅದು ಸುಮ್ನೆ ಎಲ್ರ ಫೋಟೋ ಹೊಡೀತಾ ಕೂತಿರಲ್ಲ. ಗೆರೆ ಹತ್ರ ರೋಡಿನೊಳಗೆ ತಂತಿ ಸುರುಳಿ ಹೂತಿರ್ತಾರೆ, ಇಲ್ಲಾಂದ್ರೆ ರೇಡಾರ್ ಅಥವಾ ವಿಡಿಯೋ ಇರುತ್ತೆ, ಅದು ಸಿಗ್ನಲ್ ಪೆಟ್ಟಿಗೆ ಜೊತೆ ಕನೆಕ್ಟ್ ಆಗಿರುತ್ತೆ. ಕೆಂಪು ಬಿದ್ದು ಒಂದು ಸೆಕೆಂಡಿನ ಯಾವುದೋ ಸಣ್ಣ ಪಾಲು ಕಳೆದ ಮೇಲೂ ಯಾರಾದ್ರೂ ಆ ಗೆರೆ ದಾಟಿದ್ರೆ ಮಾತ್ರ ಅದಕ್ಕೆ ಎಚ್ಚರ. ಸಾಮಾನ್ಯವಾಗಿ ಎರಡು ಫೋಟೋ: ಮೊದಲನೇದ್ರಲ್ಲಿ ಗಾಡಿ ಗೆರೆ ಹತ್ರ ಇದೆ, ದೀಪ ಕೆಂಪಾಗಿದೆ ಅಂತ ಕಾಣ್ಬೇಕು, ಎರಡನೇದ್ರಲ್ಲಿ ಅದೇ ಗಾಡಿ ಜಂಕ್ಷನ್ ನಡುವೆ ಇರ್ಬೇಕು. ಎರಡೂ ಇದ್ರೇನೇ ಕೇಸು. ನಿಮ್ಮ ಚಕ್ರ ದಾಟಿ ನಿಂತಿದ್ರೆ ಎರಡು ಫೋಟೋದಲ್ಲೂ ಗಾಡಿ ಒಂದೇ ಕಡೆ ಇರುತ್ತೆ, ನೋಡೋರು ಸಿಗ್ನಲ್ ಜಂಪ್ ಅಂತ ಅದನ್ನ ಲೆಕ್ಕಕ್ಕೆ ತಗೊಳ್ಳಲ್ಲ. ಸ್ಟಾಪ್ ಲೈನ್ ದಾಟಿದ್ದಕ್ಕೇ ಬೇರೆ ದಂಡ ಇರೋ ಕಡೆ ಅದು ಬೇರೆ ಮಾತು.

ಹಳದಿ ಬಗ್ಗೆ ಕಾನೂನು ಎಲ್ಲ ಕಡೆ ಒಂದೇ ಇಲ್ಲ. ರೋಡ್ ಸಿಗ್ನಲ್‌ಗಳ ಬಗ್ಗೆ ದೇಶಗಳು ಮಾಡ್ಕೊಂಡ 1968ರ ವಿಯೆನ್ನಾ ಒಪ್ಪಂದದ ಪ್ರಕಾರ ಹಳದಿ ಅಂದ್ರೆ ನಿಲ್ಲು ಅಂತಾನೇ, ಆದ್ರೆ ಸೇಫ್ ಆಗಿ ನಿಲ್ಲಿಸೋಕೆ ಆಗದಷ್ಟು ಹತ್ರ ಬಂದುಬಿಟ್ಟಿದ್ರೆ ಹೋಗ್ಬಹುದು. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಹಳದಿ ಇರುವಾಗ ಒಳಗೆ ಬಂದ್ರೆ ಸಾಕು, ಮಧ್ಯದಲ್ಲಿ ಕೆಂಪಾದ್ರೂ ತಪ್ಪಲ್ಲ. ಎರಡರಲ್ಲಿ ಯಾವುದಾದ್ರೂ ಸರಿ, ನಿಮ್ಮನ್ನ ಬೈದವರು ಹೇಳಿದ "ಹೊಡ್ಕೊಂಡು ಹೋಗು" ಅನ್ನೋ ಕಾನೂನು ನಾನು ಎಲ್ಲೂ ನೋಡಿಲ್ಲ 🙂

ಈಗ ನೀವು ಒದ್ದಾಡಿದ ಆ ಒಂದು ಗಳಿಗೆ ಇದ್ಯಲ್ಲ, ಅದು ನಿಮ್ಮ ದಡ್ಡತನ ಅಲ್ಲ. 60ರಲ್ಲಿ ಗಾಡಿ ಸೆಕೆಂಡಿಗೆ 16.7 ಮೀಟರ್ ಓಡುತ್ತೆ. ಹಳದಿ ಕಂಡು ಕಾಲು ಬ್ರೇಕಿಗೆ ಹೋಗೋಕೆ ಒಂದು ಸೆಕೆಂಡ್ ಇಟ್ಕೊಳ್ಳಿ, 17 ಮೀಟರ್ ಹೋಯ್ತು. ಆಮೇಲೆ ಒಳಗಿರೋರು ಮುಗ್ಗರಿಸದ ಹಾಗೆ ನಿಲ್ಲಿಸೋಕೆ ಇನ್ನೊಂದು 46 ಮೀಟರ್. ಒಟ್ಟು 63. ಹಳದಿ 3 ಸೆಕೆಂಡ್ ಮಾತ್ರ ಇದ್ರೆ ಅಷ್ಟರಲ್ಲಿ ನೀವು ಓಡೋದು 50 ಮೀಟರ್. ಅಂದ್ರೆ ಗೆರೆಯಿಂದ 50ಕ್ಕೂ 63ಕ್ಕೂ ಮಧ್ಯ ಇದ್ದಾಗ ಹಳದಿ ಬಿತ್ತು ಅಂದ್ರೆ ಹೋದ್ರೂ ಕೆಂಪಿಗೆ ಸಿಗ್ತೀರಾ, ನಿಲ್ಲಿಸಿದ್ರೆ ನಿನ್ನೆ ಥರ ಬ್ಯಾಗ್ ಹಾರುತ್ತೆ. ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ಅದು ಇದೇ ಹದಿಮೂರು ಮೀಟರ್. ಜನರಲ್ ಮೋಟರ್ಸ್ ಲ್ಯಾಬಿನಲ್ಲಿದ್ದ ಗಾಜಿಸ್, ಹರ್ಮನ್, ಮಾರಾದುದಿನ್ ಅನ್ನೋ ಮೂವರು 1960ರಲ್ಲೇ ಈ ಲೆಕ್ಕ ಹಾಕಿ ಪೇಪರ್ ಬರೆದ್ರು. ಈ ಗ್ಯಾಪ್ ಮುಚ್ಚೋಕೆ 60ರ ರೋಡಲ್ಲಿ ಹಳದಿ ಹತ್ತಿರ ಹತ್ತಿರ 3.8 ಸೆಕೆಂಡ್ ಇರ್ಬೇಕು. ಅಮೆರಿಕದ ಟ್ರಾಫಿಕ್ ಸಿಗ್ನಲ್ ಕೈಪಿಡೀಲೂ 3ರಿಂದ 6 ಸೆಕೆಂಡ್ ಅಂತಿದೆ, ಸ್ಪೀಡ್ ಜಾಸ್ತಿ ಇದ್ದಷ್ಟೂ ಹಳದೀನೂ ಉದ್ದ ಆಗ್ಬೇಕು.

ನಿಮ್ಮ ಜಂಕ್ಷನ್‌ನಲ್ಲಿ ಹಳದಿ ಎಷ್ಟು ಹೊತ್ತಿದೆ ಅಂತ ಮೊದಲು ಅಳೆದು ನೋಡಿ.

ಬರೀ_ವಸೂಲಿ:
ಅಯ್ಯೋ ಬಿಡಿ ಸರ್, ಸೇಫ್ಟಿ ಗೀಫ್ಟಿ ಎಲ್ಲಾ ನೆಪ, ಇದು ದುಡ್ಡಿನ ಪೆಟ್ಟಿಗೆ. ಚಿಕಾಗೋದಲ್ಲಿ ಏನಾಯ್ತು ಓದಿ, ಕ್ಯಾಮೆರಾ ಕಾಂಟ್ರಾಕ್ಟಿಗೆ ಲಂಚ ತಿಂದ ನಗರಸಭೆ ಅಧಿಕಾರಿಗೆ 2016ರಲ್ಲಿ 10 ವರ್ಷ ಜೈಲಾಯ್ತು. ಅದೇ ಊರಲ್ಲಿ 2014ರಲ್ಲಿ ಹಳದಿ 3 ಸೆಕೆಂಡ್ ಇರೋ ಕಡೆ 2.9 ಇದ್ರೂ ದಂಡದ ಚೀಟಿ ಕಳಿಸ್ಬಹುದು ಅಂತ ಮಾಡಿದ್ರು, ಬರೀ ಆ ಒಂದು ದಶಾಂಶಕ್ಕೆ 77,000 ಎಕ್ಸ್‌ಟ್ರಾ ಚೀಟಿ! ಹ್ಯೂಸ್ಟನ್ ಜನ 2010ರಲ್ಲಿ ಓಟ್ ಹಾಕಿ ಕ್ಯಾಮೆರಾ ತೆಗೆಸಿದ್ರು, 2019ರಲ್ಲಿ ಇಡೀ ಟೆಕ್ಸಾಸ್‌ನಲ್ಲೇ ಬ್ಯಾನ್. ಕ್ಯಾಮೆರಾ ಇರೋ ಕಡೆ ಎಲ್ರೂ ಹೆದರಿ ಗಕ್ಕಂತ ಬ್ರೇಕ್ ಹಾಕ್ತಾರೆ, ಹಿಂದಿನವನು ಬಂದು ಗುದ್ತಾನೆ, ಅರ್ಧಕ್ಲಚ್ ಅವರ ಕಥೇನೇ ಸಾಕ್ಷಿ ಅಲ್ವಾ.

ಅಡ್ಡರಸ್ತೆ:
ವಸೂಲಿ ಅಣ್ಣ, ನೀವು ಹೇಳಿದ್ದರಲ್ಲಿ ಸುಳ್ಳಿಲ್ಲ, ಆದ್ರೆ ಅರ್ಧ ಮಾತ್ರ ಹೇಳಿದ್ರಿ. ಅಮೆರಿಕದ ಹೆದ್ದಾರಿ ಇಲಾಖೆ 2005ರಲ್ಲಿ 132 ಜಂಕ್ಷನ್ ನೋಡಿ ವರದಿ ಕೊಟ್ಟಿತ್ತು, ಹಿಂದಿನಿಂದ ಗುದ್ದೋದು ಸುಮಾರು 15% ಜಾಸ್ತಿ ಆಗಿತ್ತು ನಿಜ, ಆದ್ರೆ ಪಕ್ಕದಿಂದ ಬಂದು ಹೊಡೆಯೋದು ಸುಮಾರು 25% ಕಮ್ಮಿ ಆಗಿತ್ತು. ಎರಡನ್ನೂ ಒಂದೇ ತಕ್ಕಡೀಲಿ ಹಾಕೋಕಾಗಲ್ಲ. ಹಿಂದಿನಿಂದ ಹೊಡೆದ್ರೆ ಲಗೇಜ್ ಇಡೋ ಡಿಕ್ಕಿ ಇದೆ, ಬಂಪರ್ ಇದೆ, ಸೀಟ್ ಇದೆ. ಪಕ್ಕದಿಂದ ಹೊಡೆದ್ರೆ ನಿಮಗೂ ಆ ಗಾಡಿಗೂ ಮಧ್ಯ ಇರೋದು ಒಂದು ಬಾಗಿಲು.

ನಂಗೆ ಈ ಬಾಗಿಲಿನ ಪರಿಚಯ ಇದೆ. ಆರು ವರ್ಷ ಆಯ್ತು. ಹಸಿರು ಬಿತ್ತು, ನಾನೇ ಮೊದಲನೇ ಗಾಡಿ, ಹಿಂದಿನವರು ಹಾರ್ನ್ ಹೊಡೆಯೋ ಮುಂಚೆ ಹೊರಡ್ಬೇಕು ಅಂತ ಹೊರಟೆ. ಪಕ್ಕದ ಲೇನಲ್ಲಿ ವ್ಯಾನ್ ನಿಂತಿದ್ದಕ್ಕೆ ಆ ಕಡೆಯಿಂದ ಬರೋದು ಕಾಣಿಸ್ಲಿಲ್ಲ. ಬ್ರೇಕಿನ ಸದ್ದು ಕೂಡ ಕೇಳ್ಲಿಲ್ಲ, ಆ ವ್ಯಕ್ತಿ ಬ್ರೇಕ್ ಹಾಕೇ ಇರ್ಲಿಲ್ಲ. ಕಿಟಕಿ ಗಾಜಿನ ಚೂರು ವಾರ ಆದ್ಮೇಲೂ ಕೂದಲಲ್ಲಿ ಸಿಗ್ತಿತ್ತು. ಮೂರು ಪಕ್ಕೆಲುಬು, ಒಂದು ಭುಜ. ಈಗ್ಲೂ ಹಸಿರು ಬಿದ್ದ ಮೇಲೆ ಒಂದು, ಎರಡು ಅಂತ ಬಾಯಲ್ಲೇ ಎಣಿಸಿ ಎರಡೂ ಕಡೆ ನೋಡಿ ಹೊರಡ್ತೀನಿ, ಹಿಂದೆ ಹಾರ್ನ್ ಹೊಡೀತಾರೆ, ಹೊಡೀಲಿ.

ದಂಡದ ದುಡ್ಡು ಯಾರು ತಿಂದ್ರು ಅನ್ನೋದು ಬೇರೆ ಜಗಳ, ಅದಕ್ಕೆ ನಾನೂ ನಿಮ್ಮ ಪಕ್ಕ ಬಂದು ಕೂಗ್ತೀನಿ.

ಬರೀ_ವಸೂಲಿ:
ಕ್ಷಮಿಸಿ ಅಕ್ಕ, ಗೊತ್ತಿರ್ಲಿಲ್ಲ. ಆದ್ರೂ ಒಂದ್ ಮಾತು, ನಿಮಗೆ ಹೊಡೆದವನು ಬ್ರೇಕೇ ಹಾಕಿಲ್ಲ ಅಂದ್ರೆ ಅವನು ಸಿಗ್ನಲ್ಲೇ ನೋಡಿಲ್ಲ, ಮೊಬೈಲೋ ನಿದ್ದೇನೋ. ಅಂಥವನನ್ನ ಕ್ಯಾಮೆರಾ ಹೆಂಗೆ ನಿಲ್ಸುತ್ತೆ? ಅದು ಹೆದರಿಸೋದು ನೋಡಿ ಓಡಿಸೋರನ್ನ ಮಾತ್ರ.

ಅಡ್ಡರಸ್ತೆ:
ಹೂಂ. ಅದಕ್ಕೆ ನನ್ ಹತ್ರ ಉತ್ತರ ಇಲ್ಲ.

ಹದಿನಾಲ್ಕು_ಚಕ್ರ:
ನಾನು ಲಾರಿ ಓಡ್ಸೋನು, ಕಾರ್ ನೋರು ಎಲ್ಲಾ ಕೊನೆ ಮೂರು ಸೆಕೆಂಡಿನ ಬಗ್ಗೆ ಮಾತಾಡ್ತಿದೀರಾ, ನಮ್ದು ಆ ಲೆಕ್ಕದಲ್ಲಿ ನಡಿಯಲ್ಲ ಯಾಕಂದ್ರೆ ಏರ್ ಬ್ರೇಕ್ ಒತ್ತಿದ ಮೇಲೆ ಗಾಳಿ ಪೈಪಲ್ಲಿ ಹೋಗಿ ಚಕ್ರ ಹಿಡಿಯೋದ್ರೊಳಗೆ ಗಾಡಿ ಇನ್ನೊಂದ್ ಸ್ವಲ್ಪ ಮುಂದೆ ಹೋಗಿರುತ್ತೆ, ಜೊತೆಗೆ ಹಿಂದೆ ಲೋಡು. ಹಂಗಾಗಿ ನಾವು ದೂರದಿಂದ್ಲೇ ಸಿಗ್ನಲ್ ಓದ್ಕೊಂಡು ಬರ್ತೀವಿ. ನಾನು ಬರೋಕ್ ಮುಂಚೆಯಿಂದ್ಲೂ ಹಸಿರಿದೆ ಅಂದ್ರೆ ಅದು ಹಳೇ ಹಸಿರು, ಯಾವಾಗ ಬೇಕಾದ್ರೂ ಹೋಗುತ್ತೆ ಅಂತ ಕಾಲು ತೆಗೀತೀವಿ. ಕಣ್ಮುಂದೆ ಕೆಂಪು ಹೋಗಿ ಹಸಿರು ಬಂದಿದ್ರೆ ಅದು ಹೊಸಾದು, ಅದನ್ನ ನಂಬ್ಬೋದು. ನಡ್ಕೊಂಡ್ ಹೋಗೋರ ಸಿಗ್ನಲ್ ಕಡೆ ನೋಡಿ, ನೀವು ಹೋಗೋ ದಿಕ್ಕಿನದೇ, ಅದು ಮಿಣಕ್ ಮಿಣಕ್ ಅಂತಿದ್ರೆ ಬಹಳ ಕಡೆ ನಿಮ್ ಹಸಿರೂ ಮುಗೀತಾ ಬಂತು ಅಂತ ಅರ್ಥ.

ಮತ್ತೆ ಅರ್ಧಕ್ಲಚ್ ಅವ್ರೆ, ನೀವು ನಿಲ್ಸಿದ್ದು ತಪ್ಪಲ್ಲ, ನಿಲ್ಸಿದ ಮೇಲೆ ಮಿರರ್ ನೋಡಿದ್ರಲ್ಲ ಅದು ತಪ್ಪು. ಮಿರರ್ ಮೊದ್ಲು ನೋಡ್ಬೇಕು, ಜಂಕ್ಷನ್ ಇನ್ನೂ ದೂರ ಇರುವಾಗ್ಲೇ. ಹಿಂದೆ ಯಾರಾದ್ರೂ ಅಂಟ್ಕೊಂಡು ಬರ್ತಿದ್ರೆ ಬ್ರೇಕ್ ಮೇಲೆ ಕಾಲು ಹಂಗೇ ಮುಟ್ಸಿ ಒಂದೆರಡ್ ಸಲ ಲೈಟ್ ತೋರ್ಸಿ, ಸ್ಪೀಡ್ ಕಮ್ಮಿ ಆಗೋದೇನ್ ಬೇಡ, ಲೈಟ್ ಕಂಡ್ರೆ ಸಾಕು, ಆಸಾಮಿ ಎಚ್ಚರ ಆಗ್ತಾನೆ. ನಿಮ್ ಹಿಂದೆ ನಾನಿದ್ದಿದ್ರೆ ನಿನ್ನೆ ನಿಲ್ಸೋಕೆ ನಂಗೂ ಆಗ್ತಿರ್ಲಿಲ್ಲ, ನಿಜವಾಗ್ಲೂ ಹೇಳ್ತೀನಿ.

ಕೌಂಟ್‌ಡೌನ್ ನಂಬರ್ ಇರೋ ಸಿಗ್ನಲ್ ಇನ್ನೂ ಕಷ್ಟ. ಹಸಿರಲ್ಲಿ 4, 3 ಅಂತ ಕಂಡ್ರೆ ಅರ್ಧ ಜನ ಗ್ಯಾಸ್ ಒತ್ತಾರೆ, ಆ ಕಡೆ ಕೆಂಪಲ್ಲಿ 2, 1 ಅಂತ ಕಂಡ್ರೆ ಅಲ್ಲಿರೋರು ಗೆರೆ ದಾಟಿ ಹೊರಟೇ ಬಿಟ್ಟಿರ್ತಾರೆ. ಇಬ್ರೂ ಮಧ್ಯದಲ್ಲಿ ಸಿಕ್ತಾರೆ.

ಕಂಟ್ರೋಲರ್_ಪೆಟ್ಟಿಗೆ:
ಹದಿನಾಲ್ಕು ಚಕ್ರ ಹೇಳಿದ್ದು ನಾನು ಬರೆದ ಇಡೀ ಪುರಾಣಕ್ಕಿಂತ ಉಪಯೋಗ. ಒಂದು ಸೇರಿಸ್ತೀನಿ, ಇಬ್ಬರೂ ಮಧ್ಯದಲ್ಲಿ ಸಿಗಬಾರ್ದು ಅಂತಾನೇ ಒಂದು ಕಡೆ ಕೆಂಪಾಗಿ ಇನ್ನೊಂದು ಕಡೆ ಹಸಿರಾಗೋ ಮಧ್ಯ ನಾಲ್ಕೂ ಕಡೆ ಕೆಂಪು ಇರೋ ಹಾಗೆ ಒಂದೆರಡು ಸೆಕೆಂಡ್ ಇಡ್ತೀವಿ. ತೊಂದರೆ ಏನಂದ್ರೆ ದಿನಾ ಓಡಾಡೋರಿಗೆ ಅದು ಗೊತ್ತಾಗಿಬಿಡುತ್ತೆ, ಆಮೇಲೆ ಅದನ್ನೂ ಹಳದಿ ಲೆಕ್ಕಕ್ಕೇ ಸೇರಿಸ್ಕೊಂಡ್ಬಿಡ್ತಾರೆ. ಆಸ್ಟ್ರಿಯಾದಲ್ಲಿ ಹಳದಿಗೆ ಮುಂಚೆ ಹಸಿರು ನಾಲ್ಕು ಸಲ ಮಿಟುಕುತ್ತೆ, ಅದಕ್ಕೂ ಅಷ್ಟೇ, ಒಬ್ಬ ಮಿಟುಕಿದ ಕೂಡ್ಲೇ ನಿಲ್ಲಿಸ್ತಾನೆ, ಅವನ ಹಿಂದಿನವನು ಇನ್ನೂ ಟೈಮಿದೆ ಅಂತ ಒತ್ತುತಾನೆ.

ಲೆಕ್ಕದ_ಮೇಷ್ಟ್ರು:
1960ರ ಸೂತ್ರದ ಮಾತು ಬಂತಲ್ಲ, ಅದಕ್ಕೆ ಒಂದು ಉಪಕಥೆ ಇದೆ. ಆರೆಗಾನ್‌ನ ಬೀವರ್ಟನ್ ಅನ್ನೋ ಊರಲ್ಲಿ 2013ರಲ್ಲಿ ಮ್ಯಾಟ್ಸ್ ಯಾರ್ಲ್‌ಸ್ಟ್ರೋಮ್ ಅನ್ನೋರ ಹೆಂಡತಿಗೆ ರೆಡ್ ಲೈಟ್ ಕ್ಯಾಮೆರಾ ಚೀಟಿ ಬಂತು. ಈ ಮನುಷ್ಯ ಓದಿದ್ದು ಎಲೆಕ್ಟ್ರಾನಿಕ್ಸ್, ದಂಡ ಕಟ್ಟಿ ಸುಮ್ಮನಾಗೋ ಬದಲು ಸೂತ್ರಾನೇ ಬಿಚ್ಚಿ ಕೂತ್ರು. ನೇರ ಹೋಗೋರಿಗೆ ಲೆಕ್ಕ ಸರಿ ಇದೆ, ಆದ್ರೆ ತಿರುಗೋರು ತಿರುಗೋಕೇ ಅಂತ ಸ್ಪೀಡ್ ಇಳಿಸ್ತಾರಲ್ಲ, ಅವರಿಗೆ ಆ ಹಳದಿ ಸಾಲಲ್ಲ ಅನ್ನೋದು ಅವರ ಪಾಯಿಂಟ್. ರಾಜ್ಯದ ಎಂಜಿನಿಯರ್ ಮಂಡಳಿಗೆ ಬರೆದ್ರೆ ಅವರು ಲೆಕ್ಕ ನೋಡೋದು ಬಿಟ್ಟು, ಲೈಸೆನ್ಸ್ ಇಲ್ದೆ ಎಂಜಿನಿಯರ್ ಕೆಲಸ ಮಾಡಿದ್ದಕ್ಕೆ ಅಂತ 500 ಡಾಲರ್ ದಂಡ ಹಾಕಿದ್ರು! ಚೀಟಿಗೆ ಒಂದು ದಂಡ, ಗುಣಾಕಾರಕ್ಕೆ ಇನ್ನೊಂದು. ಕೊನೆಗೆ ಫೆಡರಲ್ ಕೋರ್ಟ್ ಇವರ ಪರ ತೀರ್ಪು ಕೊಡ್ತು, 2020ರಲ್ಲಿ ಸಾರಿಗೆ ಎಂಜಿನಿಯರ್‌ಗಳ ಸಂಸ್ಥೆ ತನ್ನ ಹೊಸ ಶಿಫಾರಸಿನಲ್ಲಿ ತಿರುಗೋರ ಲೆಕ್ಕಾನೂ ಸೇರಿಸ್ತು. ಮಕ್ಕಳಿಗೆ ವೇಗೋತ್ಕರ್ಷ ಪಾಠ ಮಾಡುವಾಗೆಲ್ಲ ಈ ಕಥೆ ಹೇಳ್ತೀನಿ, ಪಾಠ ಮರೆತೋದ್ರೂ ಕಥೆ ನೆನಪಿರುತ್ತೆ.

ಅಳೆಯೋದು ಹೇಗೆ ಅಂದ್ರೆ ಸ್ಟಾಪ್‌ವಾಚ್ ಬೇಡ, ಬೆರಳೇ ತಡ ಮಾಡುತ್ತೆ. ಫೋನಲ್ಲಿ ವಿಡಿಯೋ ಮಾಡಿ ಫ್ರೇಮ್ ಎಣಿಸಿ.

ಅರ್ಧಕ್ಲಚ್:
ಎಲ್ರಿಗೂ ಥ್ಯಾಂಕ್ಸ್, ಇಷ್ಟೆಲ್ಲಾ ಬರುತ್ತೆ ಅಂದ್ಕೊಂಡಿರ್ಲಿಲ್ಲ. ಮೂರು ದಿನ ಆಯ್ತು, ಸುದ್ದಿ ಹೇಳೋಣ ಅಂತ ಬಂದೆ.

ನೋಟಿಸ್ ಇನ್ನೂ ಬಂದಿಲ್ಲ. ನಿನ್ನೆ ಸಂಜೆ ಫುಟ್‌ಪಾತ್ ಮೇಲೆ ನಿಂತು ವಿಡಿಯೋ ಮಾಡಿದೆ, ಪಕ್ಕದಲ್ಲಿ ನಿಂತಿದ್ದ ಅಜ್ಜ ಒಬ್ರು ಏನಪ್ಪಾ ದೀಪದ ವಿಡಿಯೋ ತೆಗೀತಿದೀಯಾ ಅಂತ ಕೇಳಿದ್ರು, ಹೇಳಿದ್ಮೇಲೆ ಅವರೂ ನನ್ ಜೊತೆ ಎಣಿಸೋಕೆ ನಿಂತ್ರು. ಸೆಕೆಂಡಿಗೆ 30 ಫ್ರೇಮು, ಹಳದಿ ಇದ್ದಿದ್ದು 91. ಐದು ಸಲ ಎಣಿಸಿದೆ, 90 ಇಲ್ಲಾ 91. ಮೂರು ಸೆಕೆಂಡ್ ಅಷ್ಟೇ, 60ರ ರೋಡಲ್ಲಿ. ಇಲಾಖೆಗೆ ಪತ್ರ ಬರೀತಿದೀನಿ, ಮೇಷ್ಟ್ರೇ, ಲೈಸೆನ್ಸ್ ಇಲ್ದೆ ಗುಣಾಕಾರ ಮಾಡಿದೀನಿ ಅಂತ ದಂಡ ಬಂದ್ರೆ ನಿಮ್ಮ ಹೆಸರು ಹೇಳ್ತೀನಿ.

ಮಿರರ್ ಅಭ್ಯಾಸ ಇನ್ನೂ ಕೈಗೆ ಹತ್ತಿಲ್ಲ, ಕ್ಯಾಮೆರಾ ಕಂಬ ಕಂಡ್ರೆ ಈಗ್ಲೂ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ. ಆದ್ರೆ ಇವತ್ತು ಬೆಳಿಗ್ಗೆ ನಡೆಯೋರ ದೀಪ ಮಿಣುಕೋದು ಕಾಣ್ತು, ಕಾಲು ತೆಗೆದೆ, ಎರಡು ಸಲ ಲೈಟ್ ತೋರಿಸ್ದೆ, ಹಳದಿ ಬಿದ್ದಾಗ ಆರಾಮಾಗಿ ಗೆರೆ ಹಿಂದೆ ನಿಂತೆ. ಮಿರರ್‌ನಲ್ಲಿ ನೋಡಿದ್ರೆ ಹಿಂದೆ ಅದೇ ಕಾರು, ಅದೇ ಮುಖ. ಈ ಸಲ ಬಾನೆಟ್ ಪೂರ್ತಿ ಕಾಣಿಸ್ತಿತ್ತು, ನಂಬರ್ ಪ್ಲೇಟೂ ಕೂಡ. ಇಬ್ಬರೂ ಗುರುತಿಲ್ಲದ ಹಾಗೆ ಕೂತಿದ್ವಿ.

ಹದಿನಾಲ್ಕು_ಚಕ್ರ:
ನಂಬರ್ ಪ್ಲೇಟ್ ಕಾಣ್ತು ಅಂದ್ರೆ ಅಷ್ಟು ಜಾಗ ಸಾಕು. ಪತ್ರದಲ್ಲಿ ಲಾರಿಗಳದ್ದೂ ಒಂದ್ ಲೈನ್ ಬರೀರಿ.